ಡೊರೊಥಿಯಾ ಲ್ಯಾಂಗ್ (1895–1965): ಜನಸಾಮಾನ್ಯರ ಬವಣೆಯನ್ನು ದಾಖಲಿಸಿದ ಛಾಯಾಗ್ರಾಹಕಿ

ಪತ್ರಿಕಾ ಛಾಯಾಗ್ರಹಣ ಕ್ಷೇತ್ರದಲ್ಲಿ ವಿಶ್ವಖ್ಯಾತಿ ಗಳಿಸಿದವರ ಪೈಕಿ ಅಮೆರಿಕದ ಡೊರೊಥಿಯಾ ಲ್ಯಾಂಗ್ ಅವರ ಹೆಸರು ಅಗ್ರಪಂಕ್ತಿಯಲ್ಲಿ ನಿಲ್ಲುತ್ತದೆ. 1930ರ ದಶಕದ ಮಹಾ ಆರ್ಥಿಕ ಕುಸಿತದ ದಿನಗಳಲ್ಲಿ ನೆಲೆ ಕಳೆದುಕೊಂಡು ಹೆದ್ದಾರಿಗಳ ಪಾಲಾದ ರೈತರು, ಕೃಷಿ ಕೂಲಿಕಾರರು ಹಾಗೂ ಅವರ ಮಕ್ಕಳ ಬದುಕನ್ನು ಅವರು ಚಿತ್ರಗಳಲ್ಲಿ ಸೆರೆಹಿಡಿದರು. ಅವರ ಅತ್ಯುತ್ತಮ ಚಿತ್ರಗಳಲ್ಲಿ ಹೆಚ್ಚಿನವು ಸರ್ಕಾರಿ ಇಲಾಖೆಗಳಿಗಾಗಿ, ಸಂಬಳಕ್ಕೆ ದುಡಿಯುತ್ತಿದ್ದಾಗ ತೆಗೆದವುಗಳು ಎಂಬುದು ಇಲ್ಲಿ ಗಮನಾರ್ಹ.

ಜನನ ಮತ್ತು ಬಾಲ್ಯ

ಡೊರೊಥಿಯಾ ಅವರು 1895ರ ಮೇ 26ರಂದು ನ್ಯೂಜೆರ್ಸಿ ರಾಜ್ಯದ ಹೊಬೊಕನ್ ನಗರದಲ್ಲಿ ಜರ್ಮನ್ ಮೂಲದ ಕುಟುಂಬವೊಂದರಲ್ಲಿ ಜನಿಸಿದರು. ಹುಟ್ಟಿನಿಂದ ಬಂದ ಕುಲನಾಮ ನುಟ್ಜ್‌ಹಾರ್ನ್. ಏಳನೆಯ ವಯಸ್ಸಿನಲ್ಲಿ ಪೋಲಿಯೊ ತಗಲಿ ಬಲಗಾಲು ಕೃಶವಾಯಿತು. ಜೀವನಪರ್ಯಂತ ಅವರು ಕುಂಟುತ್ತಲೇ ನಡೆದರು. ಹನ್ನೆರಡನೆಯ ವಯಸ್ಸಿನಲ್ಲಿ ತಂದೆ ಮನೆ ಬಿಟ್ಟು ಹೋದರು. ಮುಂದೆ ತಂದೆಯ ಕುಲನಾಮವನ್ನು ತ್ಯಜಿಸಿ, ತಾಯಿಯ ತವರಿನ ಹೆಸರಾದ ಲ್ಯಾಂಗ್ ಎಂಬುದನ್ನೇ ಅವರು ಉಳಿಸಿಕೊಂಡರು.

ತಾಯಿಗೆ ನ್ಯೂಯಾರ್ಕಿನ ಗ್ರಂಥಾಲಯವೊಂದರಲ್ಲಿ ಕೆಲಸ ದೊರೆಯಿತು. ವಲಸಿಗರಿಂದ ಕಿಕ್ಕಿರಿದ ಲೋಯರ್ ಈಸ್ಟ್ ಸೈಡ್ ಪ್ರದೇಶದ ಶಾಲೆಗೆ ಬಾಲಕಿ ಪ್ರತಿದಿನ ತಾಯಿಯೊಡನೆ ಹೋಗಿಬರುತ್ತಿದ್ದಳು. ಸಂಜೆ ಒಬ್ಬಳೇ ಮರಳುವಾಗ ಬೊವರಿ ಎಂಬ ಬೀದಿಯನ್ನು ಹಾದು ಬರಬೇಕಾಗಿತ್ತು; ಕುಡಿದು ಬಿದ್ದವರು, ಕೆಲಸವಿಲ್ಲದವರು, ಮನೆಯಿಲ್ಲದವರು ತುಂಬಿದ್ದ ಬೀದಿ ಅದು. ಯಾರ ಗಮನವನ್ನೂ ಸೆಳೆಯದಂತೆ ನಡೆಯುವುದನ್ನೂ, ನಡೆಯುತ್ತಲೇ ಎಲ್ಲವನ್ನೂ ನೋಡುವುದನ್ನೂ ಅವರು ಅಲ್ಲಿ ಕಲಿತರು. ಕ್ಯಾಮೆರಾ ಕೈಗೆ ಬರುವ ಎಷ್ಟೋ ವರ್ಷಗಳ ಮೊದಲೇ ಅವರ ಅರ್ಧ ಶಿಕ್ಷಣ ಮುಗಿದಿತ್ತೆಂದು ಹೇಳಬಹುದು. ಕುಂಟು ಕಾಲು ತಮ್ಮ ವ್ಯಕ್ತಿತ್ವವನ್ನು ರೂಪಿಸಿತು, ಪಾಠ ಕಲಿಸಿತು, ಅವಮಾನಕ್ಕೂ ಗುರಿಮಾಡಿತು ಎಂದು ಅವರು ವೃದ್ಧಾಪ್ಯದಲ್ಲಿ ಸ್ಮರಿಸಿಕೊಂಡದ್ದುಂಟು. ಕಷ್ಟದಲ್ಲಿದ್ದ ಜನ ಈ ಕುಂಟುವ ಹೆಂಗಸನ್ನು ಕಂಡು ಅಷ್ಟಾಗಿ ಬಿಗುಮಾನ ತೋರುತ್ತಿರಲಿಲ್ಲವೆಂಬುದು ಅವರ ಅನುಭವವಾಗಿತ್ತು.

ಪ್ರೌಢಶಾಲೆ ಮುಗಿದೊಡನೆ ತಾವು ಛಾಯಾಗ್ರಾಹಕಿಯಾಗುವುದಾಗಿ ಮನೆಯಲ್ಲಿ ಪ್ರಕಟಿಸಿದರು. ಆಗ ಅವರ ಬಳಿ ಕ್ಯಾಮೆರಾ ಇರಲಿಲ್ಲ. ಅದುವರೆಗೆ ಒಂದು ಚಿತ್ರವನ್ನೂ ತೆಗೆದಿರಲಿಲ್ಲ. ತಾಯಿಯ ಒತ್ತಾಯಕ್ಕೆ ಶಿಕ್ಷಕರ ತರಬೇತಿ ಶಾಲೆಗೆ ಸೇರಿ, ಅದನ್ನು ಅರ್ಧಕ್ಕೇ ಬಿಟ್ಟರು. ಆರ್ನಲ್ಡ್ ಗೆಂಥೆ ಎಂಬ ಪ್ರಸಿದ್ಧ ಭಾವಚಿತ್ರಕಾರರ ಸ್ಟುಡಿಯೋದಲ್ಲಿ ದುಡಿದರು. ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಕ್ಲಾರೆನ್ಸ್ ವೈಟ್ ಅವರ ಬಳಿ ಪಾಠ ಹೇಳಿಸಿಕೊಂಡರು.

ಸ್ಟುಡಿಯೋದಿಂದ ಬೀದಿಗೆ

1918ರಲ್ಲಿ ಗೆಳತಿಯೊಬ್ಬರೊಡನೆ ಪ್ರಪಂಚ ಸುತ್ತಲು ಹೊರಟ ಲ್ಯಾಂಗ್ ಅವರು ಸ್ಯಾನ್ ಫ್ರಾನ್ಸಿಸ್ಕೋ ತಲುಪಿದೊಡನೆ ಜೇಬುಗಳ್ಳರಿಂದ ಹಣ ಕಳೆದುಕೊಂಡರು. ಪ್ರಪಂಚ ಪರ್ಯಟನೆ ಅಲ್ಲಿಗೇ ನಿಂತಿತು. ಹೊಟ್ಟೆಪಾಡಿಗಾಗಿ ಫಿಲ್ಮ್ ಸಂಸ್ಕರಿಸಿ ಕೊಡುವ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತರು. ಮರುವರ್ಷವೇ ಸ್ವಂತ ಸ್ಟುಡಿಯೋ ತೆರೆದರು. ನಗರದ ಶ್ರೀಮಂತ ಮನೆತನಗಳು ಅವರ ಗಿರಾಕಿಗಳಾದವು. 1920ರಲ್ಲಿ ಚಿತ್ರಕಲಾವಿದ ಮೇನಾರ್ಡ್ ಡಿಕ್ಸನ್ ಅವರನ್ನು ವಿವಾಹವಾದರು. ಇಬ್ಬರು ಗಂಡುಮಕ್ಕಳು ಜನಿಸಿದರು. ಆ ದಶಕವೆಲ್ಲ ಸುಖವಾಗಿಯೇ ಕಳೆಯಿತು.

1929ರ ಷೇರುಪೇಟೆ ಕುಸಿತದ ತರುವಾಯ ಪರಿಸ್ಥಿತಿ ಬದಲಾಯಿತು. 1933ರ ವೇಳೆಗೆ ಅಮೆರಿಕದ ದುಡಿಯುವ ಜನರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬರು ನಿರುದ್ಯೋಗಿಗಳಾಗಿದ್ದರು. ಸ್ಟುಡಿಯೋದ ಕಿಟಕಿಯಿಂದ ಕೆಳಗೆ ನೋಡಿದರೆ ಗುರಿಯಿಲ್ಲದೆ ಅಲೆಯುವ ಗಂಡಸರು. ಒಳಗೆ ತಾವು ಮಾಡುತ್ತಿರುವ ಕೆಲಸಕ್ಕೂ ಹೊರಗೆ ನಡೆಯುತ್ತಿರುವುದಕ್ಕೂ ಸಂಬಂಧವೇ ಇಲ್ಲವೆಂಬ ಭಾವನೆ ಅವರನ್ನು ಕಾಡತೊಡಗಿತು. 1933ರಲ್ಲಿ ಒಂದು ದಿನ ಅವರು ಕ್ಯಾಮೆರಾ ಹಿಡಿದು ಕೆಳಗಿಳಿದರು. ಸಮೀಪದಲ್ಲಿ, ಬಿಳಿಯ ದೇವತೆಯೆಂದು ಜನ ಕರೆಯುತ್ತಿದ್ದ ಮಹಿಳೆಯೊಬ್ಬರು ನಿರ್ಗತಿಕರಿಗೆ ಊಟ ಹಂಚುವ ವ್ಯವಸ್ಥೆ ಮಾಡಿದ್ದರು. ಆ ಸಾಲಿನಲ್ಲಿ, ಎಲ್ಲರಿಗೂ ಬೆನ್ನುಮಾಡಿ, ಕಟಕಟೆಗೆ ಒರಗಿ, ತವರದ ಲೋಟವನ್ನು ತೋಳುಗಳ ನಡುವೆ ಇಟ್ಟುಕೊಂಡು, ಕೈಗಳನ್ನು ಬಿಗಿಯಾಗಿ ಹೆಣೆದು ನಿಂತಿದ್ದ ಹಳೆಯ ಟೋಪಿಯ ವ್ಯಕ್ತಿಯೊಬ್ಬನ ಚಿತ್ರವನ್ನು ತೆಗೆದರು. ಬೀದಿಗೆ ಇಳಿದ ಮೊದಲ ದಿನಗಳಲ್ಲೇ ದೊರೆತ ಈ ಚಿತ್ರ ಇಂದಿಗೂ ಆ ಕಾಲದ ಸಂಕೇತವಾಗಿ ಉಳಿದಿದೆ. ಅಪರಿಚಿತರ ಮುಂದೆ ಕ್ಯಾಮೆರಾ ಎತ್ತಲು ಬೇಕಾದ ಧೈರ್ಯ ಅವರಿಗೆ ಬಂದದ್ದೂ ಇಲ್ಲಿಂದಲೇ.

ಬೆರಳಚ್ಚುಗಾರ್ತಿಯ ಹುದ್ದೆಯಲ್ಲಿ ಛಾಯಾಗ್ರಾಹಕಿ

ಲ್ಯಾಂಗ್ ಅವರ ಬೀದಿ ಚಿತ್ರಗಳ ಪ್ರದರ್ಶನವೊಂದು 1934ರಲ್ಲಿ ಓಕ್ಲೆಂಡ್ ನಗರದಲ್ಲಿ ನಡೆಯಿತು. ಅದನ್ನು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ಥಶಾಸ್ತ್ರ ಪ್ರಾಧ್ಯಾಪಕ ಪಾಲ್ ಟೇಲರ್ ಅವರು ವೀಕ್ಷಿಸಿದರು. ವಲಸೆ ಕೃಷಿಕಾರ್ಮಿಕರ ಸ್ಥಿತಿಗತಿ ಕುರಿತು ರಾಜ್ಯ ಸರ್ಕಾರದ ತುರ್ತು ಪರಿಹಾರ ಇಲಾಖೆಗೆ ವರದಿ ಸಿದ್ಧಪಡಿಸುವ ಹೊಣೆಯನ್ನು ಹೊತ್ತಿದ್ದ ಟೇಲರ್ ಅವರಿಗೆ, ಅಂಕಿ ಅಂಶಗಳಷ್ಟರಿಂದಲೇ ಅಧಿಕಾರಿಗಳ ಮನ ಕರಗದೆಂಬುದು ತಿಳಿದಿತ್ತು. ಆದರೆ ಇಲಾಖೆಯಲ್ಲಿ ಛಾಯಾಗ್ರಾಹಕರ ಹುದ್ದೆಗೆ ಅವಕಾಶವಿರಲಿಲ್ಲ. ಆದ್ದರಿಂದ 1935ರಲ್ಲಿ ಲ್ಯಾಂಗ್ ಅವರನ್ನು ಬೆರಳಚ್ಚುಗಾರ್ತಿ ಎಂದು ನೇಮಿಸಿಕೊಳ್ಳಲಾಯಿತು! ಕಚೇರಿ ನಿಯಮಗಳನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು.

ಚಿತ್ರಗಳಿಂದ ಕೂಡಿದ ಆ ವರದಿಗಳ ಫಲವಾಗಿ ವಲಸೆ ಕಾರ್ಮಿಕರಿಗೆ ಮೇರಿಸ್‌ವಿಲ್ ಮತ್ತು ಆರ್ವಿನ್ ಎಂಬಲ್ಲಿ ಸರ್ಕಾರದಿಂದ ಶಿಬಿರಗಳು ತಲೆಯೆತ್ತಿದವು. ಕಾಲುವೆಯ ನೀರನ್ನೇ ಕುಡಿದು, ಕಾಲುವೆ ದಂಡೆಯಲ್ಲೇ ಮಲಗುತ್ತಿದ್ದವರಿಗೆ ಶುದ್ಧ ನೀರು, ಶೌಚಾಲಯ ಮೊದಲಾದ ಸೌಕರ್ಯಗಳು ಅಲ್ಲಿ ದೊರೆತವು. ಅದೇ ವರ್ಷ ಡಿಕ್ಸನ್ ಅವರಿಂದ ವಿಚ್ಛೇದನ ಪಡೆದ ಲ್ಯಾಂಗ್, ಡಿಸೆಂಬರ್‌ನಲ್ಲಿ ಟೇಲರ್ ಅವರನ್ನು ವಿವಾಹವಾದರು. ಕೂಲಿ, ಬಾಡಿಗೆ, ಬೆಳೆ, ಬಂದ ಊರು ಎಲ್ಲವನ್ನೂ ವಿಚಾರಿಸಿ ಬರೆದುಕೊಳ್ಳುವ ಕ್ಷೇತ್ರಕಾರ್ಯದ ಶಿಸ್ತನ್ನು ಅವರು ಟೇಲರ್ ಅವರಿಂದ ಕಲಿತರು. ಚಿತ್ರದ ಅಡಿಬರಹ ಚಿತ್ರದಷ್ಟೇ ಮುಖ್ಯವೆಂಬುದು ಅವರ ದೃಢ ನಿಲುವಾಗಿತ್ತು. ಜನರು ಆಡಿದ ಮಾತನ್ನು ಮರೆಯುವ ಮೊದಲೇ ಕಾರಿನ ಬಳಿಗೆ ಓಡಿಬಂದು ಟಿಪ್ಪಣಿ ಪುಸ್ತಕದಲ್ಲಿ ಗೀಚಿಕೊಳ್ಳುತ್ತಿದ್ದರು.

1935ರಲ್ಲೇ ಕೇಂದ್ರ ಸರ್ಕಾರದ ಪುನರ್ವಸತಿ ಆಡಳಿತಕ್ಕೆ ಅವರ ನೇಮಕವಾಯಿತು. 1937ರಲ್ಲಿ ಕೃಷಿ ಭದ್ರತಾ ಆಡಳಿತ ಎಂದು ಮರುನಾಮಕರಣಗೊಂಡ ಈ ಸಂಸ್ಥೆಯ ಛಾಯಾಗ್ರಹಣ ವಿಭಾಗಕ್ಕೆ ರಾಯ್ ಸ್ಟ್ರೈಕರ್ ಮುಖ್ಯಸ್ಥರಾಗಿದ್ದರು. ವಾಕರ್ ಎವಾನ್ಸ್, ಆರ್ಥರ್ ರಾಥ್‌ಸ್ಟೈನ್, ರಸೆಲ್ ಲೀ, ಗಾರ್ಡನ್ ಪಾರ್ಕ್ಸ್ ಮುಂತಾದವರೂ ವಿವಿಧ ಅವಧಿಗಳಲ್ಲಿ ಇಲ್ಲಿ ದುಡಿದವರೇ. ಲ್ಯಾಂಗ್ ಮತ್ತು ಸ್ಟ್ರೈಕರ್ ಅವರ ಸಂಬಂಧ ಸುಗಮವಾಗಿರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ತೆಗೆದ ಫಿಲ್ಮ್‌ಗಳನ್ನು ವಾಷಿಂಗ್ಟನ್‌ಗೆ ಕಳುಹಿಸಿ ತಿಂಗಳುಗಟ್ಟಲೆ ಕಾಯುವುದು ಅವರಿಗೆ ಒಗ್ಗಲಿಲ್ಲ. ಅನುದಾನ ಕಡಿತವಾದಾಗಲೆಲ್ಲ ಅವರ ಹೆಸರು ಪಟ್ಟಿಯಿಂದ ಹೊರಗಾಗುತ್ತಿತ್ತು, ಮತ್ತೆ ಸೇರುತ್ತಿತ್ತು. 1939ರ ಕೊನೆಗೆ ಸೇವೆ ಶಾಶ್ವತವಾಗಿ ಮುಕ್ತಾಯವಾಯಿತು. ಸ್ಟ್ರೈಕರ್ ಅವರೇ ಮುಂದೆ, ತಮ್ಮ ಇಡೀ ಸಂಗ್ರಹದಲ್ಲಿ ಸರ್ವಶ್ರೇಷ್ಠವೆಂದು ಆರಿಸಿದ್ದು ಲ್ಯಾಂಗ್ ಅವರು ತೆಗೆದ ಚಿತ್ರವನ್ನೇ.

ವಲಸೆಯ ತಾಯಿ

ಆ ಚಿತ್ರ 1936ರ ಮಾರ್ಚ್ ತಿಂಗಳಿನದು. ಸುಮಾರು ಒಂದು ತಿಂಗಳ ಪ್ರವಾಸ ಮುಗಿಸಿ, ಸುರಿಯುವ ಮಳೆಯಲ್ಲಿ ಒಬ್ಬರೇ ಕಾರು ನಡೆಸುತ್ತ ಅವರು ಮನೆಗೆ ಮರಳುತ್ತಿದ್ದರು. ನಿಪೊಮೊ ಎಂಬ ಊರಿನ ಬಳಿ, ಬಟಾಣಿ ಬಿಡಿಸುವವರ ಶಿಬಿರವೆಂದು ಸೂಚಿಸುವ ಫಲಕ ಕಣ್ಣಿಗೆ ಬಿತ್ತು. ದಣಿದಿದ್ದ ಅವರು ನಿಲ್ಲಿಸಲಿಲ್ಲ. ಸುಮಾರು 20 ಮೈಲಿ ಮುಂದೆ ಸಾಗಿದ ಮೇಲೆ, ಮನಸ್ಸಿನೊಳಗಿನ ವಾದವಿವಾದವನ್ನು ತಾಳಲಾರದೆ ಕಾರನ್ನು ಹಿಂದಕ್ಕೆ ತಿರುಗಿಸಿದರು. ಬೆಳೆ ಹಿಮಕ್ಕೆ ಸಿಕ್ಕಿ ನಾಶವಾಗಿ ಕೂಲಿಯಿಲ್ಲದೆ ಜನ ಹಸಿದಿದ್ದರು. ಹರಿದ ಗುಡಾರದ ಕೆಳಗೆ 32 ವರ್ಷದ ತಾಯಿಯೊಬ್ಬಳು ಮಕ್ಕಳೊಡನೆ ಕುಳಿತಿದ್ದಳು. ಲ್ಯಾಂಗ್ ಅಲ್ಲಿ ಕಳೆದದ್ದು ಹತ್ತು ನಿಮಿಷದಷ್ಟು ಮಾತ್ರ. ದೂರದಿಂದ ಆರಂಭಿಸಿ, ಒಂದೊಂದೇ ಚಿತ್ರ ತೆಗೆಯುತ್ತ ಹತ್ತಿರ ಸರಿದರು. ಕೊನೆಯ ಚಿತ್ರದಲ್ಲಿ ಇಬ್ಬರು ಮಕ್ಕಳು ತಾಯಿಯ ಭುಜಕ್ಕೆ ಮುಖ ಹುದುಗಿಸಿದ್ದಾರೆ, ಮಡಿಲಲ್ಲಿ ಕೂಸು, ಗಲ್ಲಕ್ಕೆ ಬೆರಳೂರಿ ದೂರ ನೋಡುತ್ತಿರುವ ತಾಯಿ.

ಲ್ಯಾಂಗ್ ಅವರು ಶಿಬಿರದ ಸ್ಥಿತಿಯನ್ನು ಪತ್ರಿಕೆಯ ಗಮನಕ್ಕೆ ತಂದರು. ಮಾರ್ಚ್ 10ರಂದು ಸ್ಯಾನ್ ಫ್ರಾನ್ಸಿಸ್ಕೋ ನ್ಯೂಸ್ ಪತ್ರಿಕೆ ಚಿತ್ರಗಳೊಂದಿಗೆ ವರದಿ ಪ್ರಕಟಿಸಿತು. ಸರ್ಕಾರ ತಕ್ಷಣವೇ 20,000 ಪೌಂಡ್ ಆಹಾರ ಸಾಮಗ್ರಿಯನ್ನು ರವಾನಿಸಿತು. ಆದರೆ ಅದು ತಲುಪುವ ವೇಳೆಗೆ ಆ ತಾಯಿ ಕುಟುಂಬದೊಡನೆ ಬೇರೆಡೆಗೆ ತೆರಳಿಯಾಗಿತ್ತು.

ಈ ಚಿತ್ರದ ಮತ್ತೊಂದು ಮುಖವನ್ನು ಮರೆಮಾಚುವುದು ಉಚಿತವಲ್ಲ. ಪ್ರತಿಯೊಂದನ್ನೂ ವಿಚಾರಿಸಿ ಬರೆಯುತ್ತಿದ್ದ ಲ್ಯಾಂಗ್ ಅಂದು ಆ ಮಹಿಳೆಯ ಹೆಸರನ್ನು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆಕೆಯ ಗುರುತು ಲೋಕಕ್ಕೆ ತಿಳಿದದ್ದು 1978ರಲ್ಲಿ. ಆಕೆ ಮೂಲನಿವಾಸಿ ಚೆರೊಕೀ ಜನಾಂಗಕ್ಕೆ ಸೇರಿದವರಾಗಿದ್ದರು. ಊಟಕ್ಕಾಗಿ ಕಾರಿನ ಟೈರುಗಳನ್ನು ಮಾರಿಕೊಂಡಿದ್ದರೆಂಬ ಲ್ಯಾಂಗ್ ಅವರ ವಿವರಣೆಯನ್ನು ಕುಟುಂಬದವರು ಅಲ್ಲಗಳೆದರು. ಜಗತ್ತೆಲ್ಲ ನೋಡಿದ ಚಿತ್ರದಿಂದ ತಮಗೆ ಒಂದು ಕಾಸೂ ಬರಲಿಲ್ಲವೆಂಬ ನೋವು ಥಾಂಪ್ಸನ್ ಅವರಲ್ಲಿತ್ತು. ಸರ್ಕಾರದ ಸ್ವತ್ತಾದ ಚಿತ್ರದಿಂದ ಲ್ಯಾಂಗ್ ಅವರಿಗೂ ಗೌರವಧನವೇನೂ ಬಂದಿರಲಿಲ್ಲ ಎಂಬುದು ನಿಜ; ಆದರೆ ಕೀರ್ತಿ ಬಂದಿತ್ತು. 1983ರಲ್ಲಿ ಥಾಂಪ್ಸನ್ ಅವರು ಅಸ್ವಸ್ಥರಾದಾಗ, ಆ ಚಿತ್ರದ ನೆನಪಿನಿಂದಲೇ ಸಾರ್ವಜನಿಕರು 35,000 ಡಾಲರ್‌ಗಳಿಗೂ ಹೆಚ್ಚು ದೇಣಿಗೆ ಕಳುಹಿಸಿದರು. ಅದೇ ವರ್ಷ ಅವರು ನಿಧನರಾದರು.

ಮುಟ್ಟುಗೋಲಾದ ಚಿತ್ರಗಳು

1941ರಲ್ಲಿ ಲ್ಯಾಂಗ್ ಅವರಿಗೆ ಪ್ರತಿಷ್ಠಿತ ಗುಗೆನ್‌ಹೈಮ್ ಫೆಲೋಶಿಪ್ ದೊರೆಯಿತು. ಆದರೆ ಅದೇ ಡಿಸೆಂಬರ್‌ನಲ್ಲಿ ಜಪಾನ್ ಪರ್ಲ್ ಹಾರ್ಬರ್ ಮೇಲೆ ದಾಳಿ ನಡೆಸಿ ಅಮೆರಿಕ ಯುದ್ಧಕ್ಕಿಳಿದಾಗ ಅವರು ಅದನ್ನು ಬದಿಗಿಟ್ಟರು. 1942ರ ಫೆಬ್ರವರಿ 19ರಂದು ಅಧ್ಯಕ್ಷ ರೂಸ್‌ವೆಲ್ಟ್ ಅವರು ಹೊರಡಿಸಿದ ಆದೇಶದನ್ವಯ ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಮನೆಮಠ ಬಿಡಿಸಿ ಬಂಧನ ಶಿಬಿರಗಳಿಗೆ ಸಾಗಿಸಲಾಯಿತು. ಹೀಗೆ ಬಂಧಿತರಾದ ಸುಮಾರು 1,20,000 ಮಂದಿಯಲ್ಲಿ ಮೂರನೇ ಎರಡರಷ್ಟು ಜನ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಈ ಸ್ಥಳಾಂತರವನ್ನು ದಾಖಲಿಸಲು ಸರ್ಕಾರ ನೇಮಿಸಿದ್ದು ಲ್ಯಾಂಗ್ ಅವರನ್ನು.

ಅವರು ಈ ಕ್ರಮವನ್ನು ಒಪ್ಪಿರಲಿಲ್ಲ. ಆದರೂ ಕೆಲಸವನ್ನು ಒಪ್ಪಿಕೊಂಡರು. ಮುಳ್ಳುತಂತಿ, ಕಾವಲು ಗೋಪುರ, ಶಸ್ತ್ರಧಾರಿ ಸೈನಿಕರು ಚಿತ್ರದಲ್ಲಿ ಕಾಣಬಾರದೆಂಬ ನಿರ್ಬಂಧವಿತ್ತು. ಅವರು ಅವುಗಳ ಸುತ್ತ ಉಳಿದದ್ದೆಲ್ಲವನ್ನೂ ತೆಗೆದರು: ಶಾಲೆಯಂಗಳದಲ್ಲಿ ಎದೆಯ ಮೇಲೆ ಕೈಯಿಟ್ಟು ಅಮೆರಿಕದ ಧ್ವಜಕ್ಕೆ ನಿಷ್ಠೆಯ ಪ್ರತಿಜ್ಞೆ ಮಾಡುತ್ತಿರುವ ಪುಟ್ಟ ಹುಡುಗಿಯರು, ತಾನು ಅಮೆರಿಕನ್ ಎಂದು ಸಾರುವ ದೊಡ್ಡ ಫಲಕ ತೂಗುಹಾಕಿದ ದಿನಸಿ ಅಂಗಡಿ, ಸಾಮಾನು ಸರಂಜಾಮಿಗೆ ಕಟ್ಟುವಂತಹ ಚೀಟಿಗಳನ್ನು ಕೋಟಿಗೆ ತಗುಲಿಸಿಕೊಂಡು ಬಸ್ಸಿಗೆ ಕಾದು ನಿಂತ ಮಕ್ಕಳು, ಮಾಂಜನಾರ್ ಶಿಬಿರದ ದೂಳಿನಲ್ಲಿ ಮೊಮ್ಮಗನನ್ನು ಹೆಗಲೇರಿಸಿಕೊಂಡ ಅಜ್ಜ. 800ಕ್ಕೂ ಹೆಚ್ಚಿದ್ದ ಈ ಚಿತ್ರಗಳು ಯಾವ ಕಥೆಯನ್ನು ಹೇಳುತ್ತಿವೆಯೆಂಬುದು ಸೇನಾಧಿಕಾರಿಗಳಿಗೆ ಅರ್ಥವಾಯಿತು. ಹಲವನ್ನು ಮುಟ್ಟುಗೋಲು ಹಾಕಿಕೊಂಡು, ಯುದ್ಧ ಮುಗಿಯುವವರೆಗೆ ಹೊರಬಾರದಂತೆ ನೋಡಿಕೊಂಡರು. ಬಳಿಕ ಅವು ಸದ್ದಿಲ್ಲದೆ ರಾಷ್ಟ್ರೀಯ ಪತ್ರಾಗಾರವನ್ನು ಸೇರಿದವು. 1988ರಲ್ಲಿ ಅಮೆರಿಕ ಸರ್ಕಾರ ಈ ಅನ್ಯಾಯಕ್ಕೆ ಕಾನೂನಿನ ಮೂಲಕ ಕ್ಷಮೆ ಯಾಚಿಸಿ, ಬದುಕಿ ಉಳಿದಿದ್ದ ಪ್ರತಿ ಸಂತ್ರಸ್ತರಿಗೆ 20,000 ಡಾಲರ್ ಪರಿಹಾರ ಘೋಷಿಸಿತು. ಲ್ಯಾಂಗ್ ಅವರ ಈ ಚಿತ್ರಗಳ ದೊಡ್ಡ ಸಂಕಲನವೊಂದು ಪುಸ್ತಕರೂಪದಲ್ಲಿ ಹೊರಬಂದದ್ದು 2006ರಲ್ಲಿ. ವಲಸೆಯ ತಾಯಿಯ ಚಿತ್ರ ಹೆಚ್ಚು ಪ್ರಸಿದ್ಧವಾದರೂ, ಅವರ ಧೈರ್ಯದ ನಿಜವಾದ ಅಳತೆ ಈ ಕೆಲಸದಲ್ಲಿದೆ.

ಕೊನೆಯ ದಿನಗಳು

ಈ ದುಡಿಮೆಗೆ ಮನೆಯೊಳಗೆ ತೆತ್ತ ಬೆಲೆಯೂ ಇತ್ತು. ಪ್ರವಾಸದ ದಿನಗಳಲ್ಲಿ ಇಬ್ಬರು ಮಕ್ಕಳನ್ನೂ ಅವರು ಪರರ ಮನೆಗಳಲ್ಲಿ ಬಿಟ್ಟು ಹೋಗುತ್ತಿದ್ದರು; ಆ ಗಾಯ ಇಬ್ಬರಲ್ಲೂ ಬಹುಕಾಲ ಉಳಿಯಿತು. ಕಾಲಾಂತರದಲ್ಲಿ ಹಿರಿಯ ಮಗ ಡೇನಿಯಲ್ ತಾಯಿಯೊಡನೆ 1954ರಲ್ಲಿ ಐರ್ಲೆಂಡ್‌ಗೆ ತೆರಳಿ, ಲೈಫ್ ಪತ್ರಿಕೆಗಾಗಿ ಅಲ್ಲಿನ ರೈತರ ಚಿತ್ರಲೇಖನದಲ್ಲಿ ಜೊತೆಯಾಗಿ ದುಡಿದರು.

1945ರಿಂದ ಹೊಟ್ಟೆಹುಣ್ಣಿನ ಬಾಧೆ ಅವರನ್ನು ವರ್ಷಗಟ್ಟಲೆ ಹಾಸಿಗೆ ಹಿಡಿಸಿತು. ಚೇತರಿಸಿಕೊಂಡ ಮೇಲೆ, 1952ರಲ್ಲಿ ಆರಂಭವಾದ ಅಪರ್ಚರ್ ಛಾಯಾಗ್ರಹಣ ಪತ್ರಿಕೆಯ ಸ್ಥಾಪಕರಲ್ಲಿ ಒಬ್ಬರಾದರು. 1956–57ರಲ್ಲಿ ಛಾಯಾಗ್ರಾಹಕ ಪಿರ್ಕಲ್ ಜೋನ್ಸ್ ಅವರೊಡನೆ ಕ್ಯಾಲಿಫೋರ್ನಿಯಾದ ಬೆರಿಯೆಸಾ ಕಣಿವೆಯ ಕೊನೆಯ ವರ್ಷವನ್ನು ದಾಖಲಿಸಿದರು. ಅಣೆಕಟ್ಟಿನ ಹಿನ್ನೀರಿಗೆ ಮೊದಲು ಮನೆಗಳನ್ನು ಕೆಡವಿ, ಮರಗಳನ್ನು ಕಡಿದು, ಸ್ಮಶಾನವನ್ನೂ ಸ್ಥಳಾಂತರಿಸಿ ಊರನ್ನು ಖಾಲಿ ಮಾಡಿದ ಬಗೆಯನ್ನು ಆ ಚಿತ್ರಗಳು ತೋರಿಸುತ್ತವೆ. ಪತಿಯೊಡನೆ ಏಷ್ಯಾ ಖಂಡದ ಹಲವು ದೇಶಗಳಲ್ಲೂ ಈಜಿಪ್ಟ್‌ನಲ್ಲೂ ಸಂಚರಿಸಿದರು.

1964ರಲ್ಲಿ ಅನ್ನನಾಳದ ಕ್ಯಾನ್ಸರ್ ಇರುವುದು ಪತ್ತೆಯಾಯಿತು. ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯವು ಅವರ ಜೀವಮಾನದ ಕೃತಿಗಳ ಪ್ರದರ್ಶನವನ್ನು ಸಿದ್ಧಪಡಿಸುತ್ತಿತ್ತು. ಮಹಿಳಾ ಛಾಯಾಗ್ರಾಹಕಿಯೊಬ್ಬರಿಗೆ ಆ ಸಂಸ್ಥೆ ನೀಡಿದ ಅಂತಹ ಮೊದಲ ಗೌರವ ಅದು. ರೋಗದ ನಡುವೆಯೂ ಅವರು ಚಿತ್ರಗಳನ್ನು ಸ್ವತಃ ಆರಿಸಿ, ಯಾವುದರ ಪಕ್ಕ ಯಾವುದಿರಬೇಕೆಂದು ನಿರ್ಧರಿಸಿದರು. 1965ರ ಅಕ್ಟೋಬರ್ 11ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ತಮ್ಮ 70ನೆಯ ವಯಸ್ಸಿನಲ್ಲಿ ನಿಧನರಾದರು. ಪ್ರದರ್ಶನ 1966ರ ಜನವರಿಯಲ್ಲಿ ಆರಂಭವಾಯಿತು.

ಅವರ ಖಾಸಗಿ ಸಂಗ್ರಹವನ್ನು ಟೇಲರ್ ಅವರು ಓಕ್ಲೆಂಡ್ ವಸ್ತುಸಂಗ್ರಹಾಲಯಕ್ಕೆ ಒಪ್ಪಿಸಿದರು. ಕೃಷಿ ಭದ್ರತಾ ಆಡಳಿತಕ್ಕಾಗಿ ತೆಗೆದ ಚಿತ್ರಗಳು ವಾಷಿಂಗ್ಟನ್‌ನ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಸರ್ಕಾರಿ ನೌಕರಿಯಲ್ಲಿದ್ದಾಗ ತೆಗೆದವಾದ್ದರಿಂದ ಅವುಗಳಿಗೆ ಕೃತಿಸ್ವಾಮ್ಯದ ನಿರ್ಬಂಧವಿಲ್ಲ. ಯಾರು ಬೇಕಾದರೂ ಅವುಗಳನ್ನು ನೋಡಬಹುದು, ಮುದ್ರಿಸಬಹುದು.