ಕಾರ್ಲ್ ವೆರ್ನರ್: ಒಂದು ಕ್ರಿಯಾಪದದ ಒಗಟನ್ನು ಬಿಡಿಸಿದವನು

ಹೈಸ್ಕೂಲಿನಲ್ಲಿ ‘ಐ ವಾಸ್, ವೀ ವರ್’ ಎಂದು ಉರುಹೊಡೆಯದವರು ನಮ್ಮಲ್ಲಿ ಯಾರೂ ಇರಲಾರರು. ಏಕವಚನದಲ್ಲಿ ಸಕಾರ, ಬಹುವಚನದಲ್ಲಿ ರಕಾರ. ಏಕೆ ಹೀಗೆ ಎಂದು ಧೈರ್ಯಮಾಡಿ ಮೇಷ್ಟರನ್ನು ಕೇಳಿದವರಿಗೆ, ಅದು ಹಾಗೆಯೇ, ಬಾಯಿಪಾಠ ಮಾಡು ಎಂಬ ಉತ್ತರ ಬಂದಿದ್ದರೆ ಮೇಷ್ಟರನ್ನು ದೂರುವಂತಿಲ್ಲ. 1875ರವರೆಗೆ ಯುರೋಪಿನ ದೊಡ್ಡ ದೊಡ್ಡ ಪಂಡಿತರಿಗೂ ಇದಕ್ಕಿಂತ ಉತ್ತಮವಾದ ಉತ್ತರ ತಿಳಿದಿರಲಿಲ್ಲ. ಅದನ್ನು ಕಂಡುಕೊಂಡವನು ಡೆನ್ಮಾರ್ಕಿನ 29 ವರ್ಷದ ಒಬ್ಬ ತರುಣ. ಅವನಿಗೆ ದಾರಿ ತೋರಿಸಿದ್ದು ವೇದದ ಉದಾತ್ತ ಸ್ವರ!

ಕಾರ್ಲ್ ಅಡಾಲ್ಫ್ ವೆರ್ನರ್ ಹುಟ್ಟಿದ್ದು 1846ನೆಯ ಇಸವಿ ಮಾರ್ಚ್ 7ರಂದು, ಡೆನ್ಮಾರ್ಕಿನ ಆರ್ಹುಸ್ ಪಟ್ಟಣದಲ್ಲಿ. ತಂದೆ ಜರ್ಮನಿಯ ಸ್ಯಾಕ್ಸನಿ ಪ್ರಾಂತದಿಂದ ಬಂದು ನೆಲೆಸಿದವನು. ತಾಯಿ ಡೇನಿಷ್ ಹೆಂಗಸು. ಅದೇ ಊರಿನ ಶಾಲೆಯಲ್ಲಿ ಓದುತ್ತಿದ್ದಾಗ ತನ್ನ ನಾಡಿನವನೇ ಆದ ರಾಸ್ಮುಸ್ ರಾಸ್ಕನ ಬರಹಗಳು ಕೈಗೆ ಸಿಕ್ಕವು. ಭಾಷೆಗಳ ಹುಚ್ಚು ಹಿಡಿದದ್ದು ಅಲ್ಲಿಂದ. 1864ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯವನ್ನು ಸೇರಿ ಗ್ರೀಕ್, ಲ್ಯಾಟಿನ್, ಜರ್ಮಾನಿಕ್, ಸ್ಲಾವ್ ಎಂದು ಹಲವು ಕಡೆ ಕೈಹಾಕಿದನು. ನಡುವೆ ಸೈನ್ಯದ ಸೇವೆ, ಆಮೇಲೆ ರಷ್ಯಾ ಪ್ರವಾಸ. ಪದವಿ ಮುಗಿಯುವಾಗ 1873. ಪರೀಕ್ಷೆಗಳನ್ನು ಮುಂದಕ್ಕೆ ಹಾಕುವ ನಮ್ಮ ಗೆಳೆಯರಿಗೆ ಇದು ಸಮಾಧಾನ ತರಬಹುದು.

ಇನ್ನು ಒಗಟಿನ ವಿಷಯ. ಮಕ್ಕಳ ಕಥೆಗಳಿಂದ ನಮಗೆಲ್ಲ ಪರಿಚಿತನಾದ ಯಾಕೋಬ್ ಗ್ರಿಮ್ 1822ರಲ್ಲಿ ಒಂದು ನಿಯಮವನ್ನು ವಿವರಿಸಿದ್ದನು. ರಾಸ್ಕನು ಅದನ್ನು ಮೊದಲೇ ಬಹುಮಟ್ಟಿಗೆ ಗುರುತಿಸಿದ್ದನು. ಇಂಗ್ಲಿಷ್, ಜರ್ಮನ್, ಡಚ್, ಡೇನಿಷ್ ಮೊದಲಾದ ಜರ್ಮಾನಿಕ್ ಭಾಷೆಗಳ ವ್ಯಂಜನಗಳು ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳ ವ್ಯಂಜನಗಳಿಗಿಂತ ಒಂದು ಕ್ರಮದಲ್ಲಿ ಪಲ್ಲಟಗೊಂಡಿವೆ ಎಂಬುದು ಅದರ ಸಾರ. ಸಂಸ್ಕೃತದ ‘ತ್ರಯಃ’ ಇಂಗ್ಲಿಷಿನಲ್ಲಿ ‘ಥ್ರೀ’ ಆಯಿತು, ‘ಪಾದ’ ‘ಫುಟ್’ ಆಯಿತು. ಆದರೆ ನಿಯಮಕ್ಕೆ ತಪ್ಪಿ ನಡೆಯುವ ಶಬ್ದಗಳೂ ಇದ್ದವು. ‘ಭ್ರಾತೃ’ವಿನ ತಕಾರ ಹಳೆಯ ಇಂಗ್ಲಿಷಿನಲ್ಲಿ ನಿಯಮದಂತೆ ‘ಥ್’ ಆಗಿದೆ. ‘ಪಿತೃ’, ‘ಮಾತೃ’ಗಳ ತಕಾರವಾದರೋ ‘ಡ್’ ಆಗಿದೆ. ಇಂದಿನ ಇಂಗ್ಲಿಷಿನ ‘ಫಾದರ್’, ‘ಬ್ರದರ್’ ನೋಡಿದರೆ ಈ ಭೇದ ಕಾಣದು, ಅದು ಮುಂದೆ ಅಳಿಸಿಹೋಯಿತು. ಜರ್ಮನ್ನಿನಲ್ಲಿ ‘ಫಾಟರ್’, ‘ಮುಟರ್’ ಒಂದು ಕಡೆ, ‘ಬ್ರೂಡರ್’ ಇನ್ನೊಂದು ಕಡೆ, ಇಂದಿಗೂ ಉಳಿದಿದೆ. ಒಂದೇ ಮನೆಯ ತಂದೆಗೂ ಅಣ್ಣನಿಗೂ ಬೇರೆ ಬೇರೆ ಕಾನೂನು! ಲೋಟ್ನರ್ ಎಂಬ ಪಂಡಿತನು 1862ರಲ್ಲಿ ಇಂಥ ಅಪವಾದಗಳನ್ನೆಲ್ಲ ಪಟ್ಟಿಮಾಡಿದನು, ಕಾರಣ ಮಾತ್ರ ಹೊಳೆಯಲಿಲ್ಲ.

ವೆರ್ನರನಿಗೆ ಹೊಳೆದ ಬಗೆಯನ್ನು ಅವನೇ ಮುಂದೆ ಹೇಳಿಕೊಂಡಿದ್ದಾನೆ. ಆರ್ಹುಸಿನಲ್ಲಿದ್ದಾಗ ಒಂದು ಮಧ್ಯಾಹ್ನ ಮೈ ಅಷ್ಟು ನೆಟ್ಟಗಿರಲಿಲ್ಲ. ನಿದ್ದೆ ಬರಿಸಲೆಂದು ಒಂದು ಪುಸ್ತಕವನ್ನು ಹಿಡಿದು ಮಲಗಿದನು. ಆ ಪುಸ್ತಕ ಬಾಪ್ ಪಂಡಿತನ ತೌಲನಿಕ ವ್ಯಾಕರಣ. ನಿದ್ದೆಗೆ ಅದಕ್ಕಿಂತ ಒಳ್ಳೆಯ ಔಷಧ ಸಿಕ್ಕುವುದು ಕಷ್ಟವೇ. ತೆರೆದ ಪುಟದಲ್ಲಿ ಸಂಸ್ಕೃತದ ‘ಪಿತರ್’, ‘ಭ್ರಾತರ್’ ಎಂಬ ರೂಪಗಳು ಸ್ವರಚಿಹ್ನೆಗಳೊಡನೆ ಅಚ್ಚಾಗಿದ್ದುವು. ‘ಭ್ರಾತರ್’ ಶಬ್ದದಲ್ಲಿ ಉದಾತ್ತವು ತಕಾರಕ್ಕೆ ಮುಂಚಿನ ಅಕ್ಷರದ ಮೇಲೆ. ‘ಪಿತರ್’ ಶಬ್ದದಲ್ಲಿ ತಕಾರದ ಆಚೆಯ ಅಕ್ಷರದ ಮೇಲೆ. ನಿದ್ದೆ ಹಾರಿಹೋಯಿತು.

ಅವನು ಕಂಡದ್ದು ಇಷ್ಟು. ಜರ್ಮಾನಿಕ್ ಭಾಷೆಗಳ ಮೂಲರೂಪದಲ್ಲೂ ಒಂದು ಕಾಲಕ್ಕೆ ವೇದದಲ್ಲಿರುವಂತೆಯೇ ಸ್ವರ ಸ್ಥಳ ಬದಲಾಯಿಸುತ್ತಿತ್ತು. ಶಬ್ದದ ಮಧ್ಯದಲ್ಲೋ ಕೊನೆಯಲ್ಲೋ ಬರುವ ಅಘೋಷ ಊಷ್ಮಧ್ವನಿಗೆ ಸ್ವಲ್ಪ ಮುಂಚೆಯೇ ಉದಾತ್ತವಿದ್ದರೆ ಆ ಧ್ವನಿ ಹಾಗೆಯೇ ಉಳಿಯಿತು. ಇಲ್ಲದಿದ್ದಾಗ, ಸುತ್ತಲೂ ಘೋಷಧ್ವನಿಗಳಿದ್ದರೆ, ತಾನೂ ಘೋಷವಾಯಿತು. ಆಮೇಲೆ ಎಲ್ಲ ಶಬ್ದಗಳ ಸ್ವರವೂ ಮೊದಲ ಅಕ್ಷರಕ್ಕೆ ಸರಿಯಿತು. ಕಾರಣ ಅಳಿಯಿತು, ಕಾರ್ಯ ಉಳಿಯಿತು. ಆದ್ದರಿಂದಲೇ ಜರ್ಮನ್ ಭಾಷೆಯನ್ನು ಮಾತ್ರ ಎಷ್ಟು ಶೋಧಿಸಿದರೂ ಉತ್ತರ ಸಿಕ್ಕುವಂತಿರಲಿಲ್ಲ. ಬರವಣಿಗೆಯ ನೆರವಿಲ್ಲದೆ, ಸ್ವರ ತಪ್ಪಿದರೆ ಪಾಠವೇ ತಪ್ಪೆಂದು ಬಾಯಿಂದ ಬಾಯಿಗೆ ವೇದವನ್ನು ಒಪ್ಪಿಸಿದ ಅಧ್ಯಾಪಕರು ಎಂದೂ ಕಾಣದ ನಾಡಿನ ಭಾಷೆಗೆ ಸಾಕ್ಷಿ ಹೇಳಿದಂತಾಯಿತು.

ಈಗ ನಮ್ಮ ‘ವಾಸ್’, ‘ವರ್’ಗಳಿಗೆ ಬರೋಣ. ಇಂಗ್ಲಿಷಿನ ಇರುವಿಕೆಯ ಕ್ರಿಯಾಪದ ಒಂದೇ ಧಾತುವಿನದಲ್ಲ, ಮೂರು ಹರಿದ ಬಟ್ಟೆ ಸೇರಿಸಿ ಹೊಲಿದ ಕೌದಿ. ‘ಆಮ್’, ‘ಈಸ್’ ಎಂಬುವು ಸಂಸ್ಕೃತದ ‘ಅಸ್ಮಿ’, ‘ಅಸ್ತಿ’ಗಳ ದಾಯಾದಿಗಳು, ‘ಬೀ’ ಎಂಬುದು ‘ಭೂ’ ಧಾತುವಿನ ಕಡೆಯದು, ‘ವಾಸ್’ ಎಂಬುದು ವಾಸಮಾಡು ಎಂಬರ್ಥದ ‘ವಸ್’ ಧಾತುವಿನದು. ಈ ‘ವಸ್’ ಧಾತುವಿಗೆ ಸಂಸ್ಕೃತದಲ್ಲಿ ಪರೋಕ್ಷಭೂತದ ರೂಪಗಳು ‘ಉವಾಸ’, ‘ಊಷುಃ’ ಎಂದಲ್ಲವೆ? ವೇದದ ಕ್ರಮದಂತೆ ಏಕವಚನದಲ್ಲಿ ಉದಾತ್ತ ಧಾತುವಿನ ಮೇಲೆ, ಬಹುವಚನದಲ್ಲಿ ಪ್ರತ್ಯಯದ ಮೇಲೆ. ಜರ್ಮಾನಿಕ್ ಮೂಲದಲ್ಲೂ ಹೀಗೆಯೇ ಇದ್ದುದರಿಂದ ಏಕವಚನದ ಸಕಾರ ಸಕಾರವಾಗಿಯೇ ನಿಂತಿತು. ಬಹುವಚನದ ಸಕಾರಕ್ಕೆ ಘೋಷ ಕೂಡಿ ಇಂಗ್ಲಿಷಿನ ‘ಜೂ’ ಶಬ್ದದ ಮೊದಲ ಧ್ವನಿಯಂತಾಗಿ, ಕಾಲಕ್ರಮದಲ್ಲಿ ರಕಾರವಾಯಿತು. ಹಳೆಯ ಇಂಗ್ಲಿಷಿನಲ್ಲಿ ‘ವ್ಯಾಸ್’, ‘ವ್ಯಾರೊನ್’. ಹಳೆಯ ಜರ್ಮನ್ನಿನಲ್ಲಿ ‘ವಸ್’, ‘ವಾರುನ್’.

ಮುಂದೆ ಒಂದೊಂದು ಭಾಷೆ ಒಂದೊಂದು ದಾರಿ ಹಿಡಿಯಿತು. ನಾಲ್ಕನೆಯ ಶತಮಾನದ ಬೈಬಲ್ ಅನುವಾದದಲ್ಲಿ ಉಳಿದಿರುವ ಗೋಥಿಕ್ ಭಾಷೆಯಲ್ಲಿ ಎರಡು ಕಡೆಯೂ ಸಕಾರವೇ: ‘ವಸ್’, ‘ವೇಸುನ್’. ಇಂದಿನ ಜರ್ಮನ್ನಿನಲ್ಲಿ ಬಹುವಚನದ ರಕಾರವು ಏಕವಚನಕ್ಕೂ ನುಗ್ಗಿ ‘ವಾರ್’, ‘ವಾರೆನ್’ ಎಂದಾಗಿದೆ. ಹಳೆಯ ಸಕಾರ ‘ಗೆವೇಸೆನ್’ ಎಂಬ ಕೃದಂತದಲ್ಲಿ ಅಡಗಿ ಕುಳಿತಿದೆ. ಡೇನಿಷ್, ಸ್ವೀಡಿಷ್‌ಗಳಲ್ಲಿ ಏಕವಚನಕ್ಕೂ ಬಹುವಚನಕ್ಕೂ ‘ವಾರ್’ ಒಂದೇ. ಡಚ್ಚರು ‘ವಸ್’, ‘ವಾರೆನ್’ ಎಂದು ಭೇದವನ್ನು ಉಳಿಸಿಕೊಂಡರು, ಇಂಗ್ಲಿಷರೂ ಉಳಿಸಿಕೊಂಡರು. ವೆರ್ನರನ ತಂದೆಯ ನುಡಿಯಲ್ಲೂ ಇಲ್ಲ, ತಾಯಿಯ ನುಡಿಯಲ್ಲೂ ಇಲ್ಲ! ‘ಲೂಸ್’ ಎಂಬ ಕ್ರಿಯಾಪದಕ್ಕೂ ‘ಫರ್ಲಾರ್ನ್’ ಎಂಬ ವಿಶೇಷಣಕ್ಕೂ ಇರುವ ನಂಟು ಇದೇ ಸಕಾರ ರಕಾರಗಳ ನಂಟು ಎಂಬುದನ್ನು ಇಂಗ್ಲಿಷ್ ಐಚ್ಛಿಕದ ಗೆಳೆಯರು ಗಮನಿಸಬಹುದು. ನಮ್ಮ ‘ಇರು’ ಧಾತು ‘ಇದ್ದನು’ ಎಂದಾಗುವಾಗ ರಕಾರ ಮಾಯವಾಗುವುದು ಬೇರೆ ಕಾರಣದಿಂದ. ಹಳಗನ್ನಡದ ‘ಇರ್ದಂ’ ಎಂಬುದನ್ನು ನೆನೆದರೆ ಸಾಕು, ಅದಕ್ಕೆ ವೇದದವರೆಗೆ ಹೋಗಬೇಕಾಗಿಲ್ಲ.

ಇಷ್ಟನ್ನು ಕಂಡವನು ಒಡನೆ ಅಚ್ಚಿಗೆ ಕೊಟ್ಟನೆಂದು ತಿಳಿಯಬೇಡಿ. ಅವನು ಸಂಕೋಚದ ಪ್ರಾಣಿ. 1875ರಲ್ಲಿ ಕೋಪನ್‌ಹೇಗನ್ನಿನ ವಿಲ್ಹೆಲ್ಮ್ ಥಾಮ್ಸನ್ ಎಂಬ ಪಂಡಿತನಿಗೆ ಪತ್ರದಲ್ಲಿ ವಿಷಯವನ್ನು ತಿಳಿಸಿದನು. ಪ್ರಕಟಿಸಲೇಬೇಕೆಂದು ಹುರಿದುಂಬಿಸಿದವನು ಥಾಮ್ಸನ್. ಜರ್ಮನಿಯಲ್ಲಿ ಕೂನ್ ನಡೆಸುತ್ತಿದ್ದ ಪತ್ರಿಕೆಯ 23ನೆಯ ಸಂಪುಟದಲ್ಲಿ ಲೇಖನ ಬಂದಿತು, 34 ಪುಟ. ಮೊದಲ ವ್ಯಂಜನಪಲ್ಲಟಕ್ಕೆ ಒಂದು ಅಪವಾದ ಎಂಬಷ್ಟೇ ಅದರ ಹೆಸರು. ಧ್ವನಿನಿಯಮಗಳಿಗೆ ಅಪವಾದವೇ ಇಲ್ಲವೆಂದು ಲೈಪ್ಜಿಗ್ಗಿನ ಹೊಸ ಪಂಥದವರು ವಾದಿಸತೊಡಗಿದ್ದ ಕಾಲವದು. ಅಪವಾದಕ್ಕೂ ಒಂದು ನಿಯಮವಿರಲೇಬೇಕು, ಅದನ್ನು ಹುಡುಕಬೇಕು ಎಂದ ವೆರ್ನರನ ಲೇಖನ ಅವರ ಕೈಗೆ ದೊಡ್ಡ ಆಯುಧವಾಯಿತು. 1877ರಲ್ಲಿ ಬರ್ಲಿನ್ ಅಕಾಡೆಮಿ ಅವನಿಗೆ ಬಾಪ್ ಬಹುಮಾನವನ್ನು ಕೊಟ್ಟಿತು. ನಿದ್ದೆ ಬರಿಸಲಾರದೆ ಹೋದ ಪುಸ್ತಕದ ಕರ್ತೃವಿನ ಹೆಸರಿನದೇ ಬಹುಮಾನ!

ಇಷ್ಟಾದರೂ ಕೂಡಲೆ ದೊಡ್ಡ ಹುದ್ದೆ ಬರಲಿಲ್ಲ. 1876ರಿಂದ ಕೆಲವು ವರ್ಷ ಜರ್ಮನಿಯ ಹಾಲೆ ವಿಶ್ವವಿದ್ಯಾನಿಲಯದ ಪುಸ್ತಕಭಂಡಾರದಲ್ಲಿ ಕೆಲಸಮಾಡಿದನು. 1883ರಲ್ಲಿ ಕೋಪನ್‌ಹೇಗನ್ನಿಗೆ ಮರಳಿ ಸ್ಲಾವ್ ಭಾಷೆಗಳ ಉಪನ್ಯಾಸಕನಾದನು. 1888ರಲ್ಲಿ ಪ್ರೊಫೆಸರ್ ಪದವಿ. ಅದಕ್ಕೆ ಒಂದು ವರ್ಷ ಮೊದಲು ಹೈಡೆಲ್‌ಬರ್ಗ್ ವಿಶ್ವವಿದ್ಯಾನಿಲಯ ಗೌರವ ಡಾಕ್ಟರೇಟ್ ನೀಡಿತ್ತು. ಜಗತ್ತಿನ ಜರ್ಮಾನಿಕ್ ವಿದ್ವಾಂಸರೆಲ್ಲ ಅವನ ಹೆಸರಿನ ನಿಯಮವನ್ನು ಪಾಠ ಹೇಳುತ್ತಿದ್ದಾಗ ಅವನು ರಷ್ಯನ್ ಪಾಠ ಹೇಳುತ್ತಿದ್ದನು. ಪ್ರಕಟಿಸಿದ್ದು ಬಹಳ ಕಡಮೆ. ಇದನ್ನು ಸೋಮಾರಿತನವೆಂದು ಎಣಿಸುವುದು ನನ್ನ ಮಟ್ಟಿಗೆ ಸರಿಯಲ್ಲ: ಎಡಿಸನ್ನನ ಧ್ವನಿಯಂತ್ರದ ಗೆರೆಗಳನ್ನು ಅಳೆಯಲು ತಾನೇ ಒಂದು ಉಪಕರಣವನ್ನು ಕಟ್ಟಿ, ಮನುಷ್ಯನ ಮಾತಿನಲ್ಲಿ ಸ್ವರದ ಏರಿಳಿತ ನಿಜವಾಗಿ ಹೇಗಿದೆಯೆಂದು ಲೆಕ್ಕಹಾಕುತ್ತ ಕುಳಿತಿದ್ದವನು ಅವನು. ಫಲವನ್ನು ಪುಸ್ತಕವಾಗಿ ಮಾಡುವ ಗೋಜಿಗೆ ಹೋಗಲಿಲ್ಲ, ಗೆಳೆಯರಿಗೆ ಪತ್ರಗಳಲ್ಲಿ ಬರೆದನು.

1896ನೆಯ ಇಸವಿ ನವೆಂಬರ್ 5ರಂದು ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡಾಗ ಅವನಿಗೆ ವಯಸ್ಸು 50. ಏಳು ವರ್ಷಗಳ ಮೇಲೆ, 1903ರಲ್ಲಿ, ಅವನ ಬರಹಗಳನ್ನು ಅಲ್ಲಿಯೇ ಒಟ್ಟುಗೂಡಿಸಿ ಪ್ರಕಟಿಸಿದರು. ಲೇಖನಗಳ ಜೊತೆಗೆ ಆ ಪತ್ರಗಳನ್ನೂ ಸೇರಿಸಿದರು.