ಸಂಬಳವಿಲ್ಲದೆ ಹಕ್ಕಿಗಳ ಬೆನ್ನು ಹತ್ತಿದವರು

ನಾಂಪಲ್ಲಿಯಲ್ಲಿ ಕೆಲಸ, ಬಿಡುವಾದರೆ ಹೆಗಲಿಗೆ ಕ್ಯಾಮೆರಾ. ಫೆಬ್ರವರಿ, ಮಾರ್ಚ್‌ನಲ್ಲಿ ವಲಸೆ ಬಾತುಗಳು ಉತ್ತರಕ್ಕೆ ಮರಳುವ ಮುನ್ನ ಅಮೀನ್‌ಪುರ ಕೆರೆಗೆ ಹೋಗುವುದು ನನ್ನ ರೂಢಿ. ಇಲ್ಲಿನ ಹಕ್ಕಿಗಳ ಬಗ್ಗೆ ಓದುತ್ತ ಹೋದಂತೆ ಮತ್ತೆ ಮತ್ತೆ ಎದುರಾದ ಹೆಸರು ಸಲೀಂ ಅಲಿ.

1896ರಲ್ಲಿ ಮುಂಬೈಯಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡು ಸೋದರಮಾವನ ಮನೆಯಲ್ಲಿ ಬೆಳೆದರು. ಬರ್ಲಿನ್‌ನಲ್ಲಿ ಪಕ್ಷಿಶಾಸ್ತ್ರ ಕಲಿತು 1930ರಲ್ಲಿ ಮರಳಿದಾಗ ಮುಂಬೈ ಮ್ಯೂಸಿಯಂನ ಕೆಲಸವೇ ಉಳಿದಿರಲಿಲ್ಲ. ಸಂಬಳ ಪಡೆಯದೆ, ಬರೀ ಖರ್ಚಿನ ಮೇಲೆ ಹಕ್ಕಿಗಳ ಸಮೀಕ್ಷೆ ಮಾಡಿಕೊಡುವುದಾಗಿ ಸಂಸ್ಥಾನಗಳನ್ನು ಕೇಳಿಕೊಂಡರು. ಹೈದರಾಬಾದ್ ಒಪ್ಪಿತು. 1931–32ರಲ್ಲಿ ಪತ್ನಿ ತೆಹ್ಮಿನಾ ಜತೆ ಊರೂರು ಸುತ್ತಿದರು. ನಮ್ಮ ಬೀದರ್, ಕಲಬುರಗಿ, ರಾಯಚೂರು ಆಗ ಇದೇ ಸಂಸ್ಥಾನದಲ್ಲಿದ್ದವು.

ಅಂದು ಹಕ್ಕಿಯನ್ನು ಖಚಿತವಾಗಿ ಗುರುತಿಸಲು ಬಂದೂಕೇ ಬೇಕಿತ್ತು. ಅವರೂ ಹೊಡೆದೇ ಸಂಗ್ರಹಿಸಿದರು. ಆಮೇಲೆ ಸಿಂಗಪುರದ ಸಿನಿಮಾ ಉದ್ಯಮಿ ಲೋಕ್ ವಾನ್ ಥೋ ಕ್ಯಾಮೆರಾ ಹಿಡಿದು ಅವರ ಪ್ರವಾಸಗಳಲ್ಲಿ ಜತೆಗೂಡಿದರು.

1939ರಲ್ಲಿ ತೆಹ್ಮಿನಾ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡರು. ಆ ದುಃಖದಲ್ಲೇ ಅವರು ಮೈಸೂರು ಸಂಸ್ಥಾನದ ಸಮೀಕ್ಷೆಗೆ ಹೊರಟರು. ಕಾವೇರಿಯ ನಡುಗಡ್ಡೆಗಳಲ್ಲಿ ಗೂಡು ಕಟ್ಟಿದ ಹಕ್ಕಿಗಳನ್ನು ಕಂಡು ಒಡೆಯರ ಮನವೊಲಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 1987ರಲ್ಲಿ ಅವರು ಕೊನೆಯುಸಿರೆಳೆದರು.

ಸಂಗ್ರಹಿಸಿದ ಪ್ರತಿ ಹಕ್ಕಿಗೂ ಊರು, ತಾರೀಖು ಬರೆದ ಚೀಟಿ ಕಟ್ಟುವುದು ಆ ಕಾಲದ ಶಿಸ್ತು. ನಮ್ಮ ಫೋಟೊಗಳಿಗೂ ಅದು ಬೇಕು. ಊರಿಗೆ ಹೋದಾಗ ಕೆರೆಯ ಹಕ್ಕಿಯ ಚಿತ್ರ ತೆಗೆದರೆ ದಿನ, ಸ್ಥಳ ಬರೆದಿಡಿ. ಅವು ಬರುವುದನ್ನು ನಿಲ್ಲಿಸಿದರೆ, ಒಮ್ಮೆ ಬರುತ್ತಿದ್ದವು ಎನ್ನಲು ಅದೇ ಸಾಕ್ಷಿ.