ಆಂಟಿಬಾಡಿಗೆ ಬಣ್ಣ ಕಟ್ಟಿದ ಕೂನ್ಸ್

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ಕಡೆಯಿಂದ ಬಂದ ನಮಗೆ ಹುಚ್ಚುನಾಯಿ ಭಯ ಚೆನ್ನಾಗಿ ಗೊತ್ತು. ಸತ್ತ ನಾಯಿಗೆ ರೇಬೀಸ್ ಇತ್ತಾ ಅಂತ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದರ ಮಿದುಳಿಗೆ ಹೊಳೆಯುವ ಆಂಟಿಬಾಡಿ ಹಾಕಿ ನೋಡ್ತಾರೆ. ಈ ಉಪಾಯ ಅಮೆರಿಕದ ಆಲ್ಬರ್ಟ್ ಕೂನ್ಸ್ ಅವರದು.

1912ರಲ್ಲಿ ಹುಟ್ಟಿದ ಕೂನ್ಸ್ ಹಾರ್ವರ್ಡ್‌ನಲ್ಲಿ ಡಾಕ್ಟರಿಕೆ ಓದಿದರು. 1939ರಲ್ಲಿ ಬರ್ಲಿನ್‌ಗೆ ಹೋಗಿದ್ದಾಗ ರುಮ್ಯಾಟಿಕ್ ಜ್ವರದ ವಿಚಾರ ತಲೆಗೆ ಹೊಕ್ಕಿತು. ರೋಗಾಣುವಿನ ಅಂಶ ಅಂಗಾಂಶದಲ್ಲಿ ಎಲ್ಲಿ ಕೂತಿದೆ ಅಂತ ಕಣ್ಣಾರೆ ನೋಡೋದು ಹೇಗೆ? ಆಂಟಿಬಾಡಿ ತನ್ನ ಗುರಿಯನ್ನೇ ಹುಡುಕಿ ಅಂಟುತ್ತದೆ. ಅದಕ್ಕೇ ಬಣ್ಣ ಕಟ್ಟಿದರಾಯ್ತು! ಮೊದಲು ಕಟ್ಟಿದ ಆಂಥ್ರಸೀನ್ ನೀಲಿಯಾಗಿ ಹೊಳೆಯಿತು. ಆದರೆ ಅಂಗಾಂಶವೂ ತಾನಾಗಿಯೇ ನೀಲಿ ಹೊಳೆಯುತ್ತೆ, ಯಾವುದು ಯಾವುದೋ ತಿಳಿಯದು. (ನಾವಾಗಿದ್ರೆ ಪ್ರಾಜೆಕ್ಟನ್ನೇ ಬದಲಿಸ್ತಿದ್ವಿ.) ಅವರು ಬಣ್ಣ ಬದಲಿಸಿದರು. 1942ರಲ್ಲಿ ಇಲಿಯ ಅಂಗಾಂಶದೊಳಗೆ ನ್ಯುಮೋಕಾಕಸ್ ಅಂಶ ಫ್ಲೋರೊಸೀನ್‌ನ ಹಸಿರಿನಲ್ಲಿ ಕಂಡಿತು.

ಅಷ್ಟರಲ್ಲಿ ಯುದ್ಧ, ಸೈನ್ಯಸೇವೆ. ಮರಳಿ ಬಂದು ಅದೇ ಕೆಲಸ ಹಿಡಿದರು. 1958ರಲ್ಲಿ ಇತರರು ಇದೇ ವಿಧಾನದಿಂದ ರೇಬೀಸ್ ಪತ್ತೆ ಮಾಡಿದರು. ಮರುವರ್ಷ ಕೂನ್ಸ್‌ಗೆ ಲಾಸ್ಕರ್ ಪ್ರಶಸ್ತಿ. ತೀರಿಕೊಂಡದ್ದು 1978ರಲ್ಲಿ.